ಖಂಡೇನವಮಿಯ ಹೊತ್ತಿಗೆ ಸರ್ವರ್ ವರ್ಗಾವಣೆ

ನಮ್ಮ ಆಸ್ಪತ್ರೆಯಲ್ಲಿ ಯಂತ್ರಗಳು ಕೆಡುವುದು ಅಪರೂಪ. ಪ್ರಸಂಗಗಳಿಗೆ ಅವುಗಳ ಸುತ್ತ ನಿಂತವರೇ ಸಾಕು. ನಾನು ಕೊಲ್ಹಾಪುರ ಶಾಖೆಯ ಮೇಟ್ರನ್. ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ, ಮೂರೂ ಶಾಖೆಗಳಲ್ಲಿ ಒಂದೊಂದು ಸರ್ವರ್ ಇದೆ. ರೋಗಿಗಳ ಎಕ್ಸ್‌ರೇ, ಸ್ಕ್ಯಾನ್ ಚಿತ್ರಗಳು ಮೂರರಲ್ಲೂ ಹಂಚಿಹೋಗಿದ್ದರೂ ನಮಗೆ ಕಾಣುವುದು ಒಂದೇ ಕಪಾಟು. ಮೂರರಲ್ಲಿ ಎರಡಾದರೂ ಸರ್ವರ್ ಎಚ್ಚರವಿದ್ದರೆ ಮಾತ್ರ ಅದು ತೆರೆಯುತ್ತದೆ. ಇದರ ನಿರ್ವಹಣೆಯನ್ನು ಹೊಸ ವ್ಯವಸ್ಥೆಗೆ ವರ್ಗಾಯಿಸುವಾಗ ಶಿಸ್ತು ಬೇಕೆಂದು ಉಸ್ತುವಾರಿ ನನಗೆ ಬಂತು.

೧. ಅಮಾವಾಸ್ಯೆ

ಕೆಲಸ ಶುರುವಾಗುವ ದಿನವೇ ಅಮಾವಾಸ್ಯೆ. ಟ್ರಸ್ಟಿನ ಹಿರಿಯರು ಶಿರೋಳಿಯಿಂದ ಬಂದ ಎಂಜಿನಿಯರನ್ನು ತಡೆದರು.

"ಇವತ್ತ ಹೊಸಾ ಕೆಲಸಾ ಬ್ಯಾಡ ತಮ್ಮಾ."

"ಹೊಸಾದಲ್ರಿ ಅಣ್ಣಾರ. ಹಳೇ ತಾಪತ್ರಯನ ಹೊಸಾ ಜಾಗಾಕ್ಕ ಒಯ್ಯಾಕತ್ತೇನಿ."

ಹಿರಿಯರು ಯೋಚಿಸಿದರು. "ಹಂಗಾರ ಅಡ್ಡಿಯಿಲ್ಲ. ನಡೀಲಿ."

೨. ಕೆಂಪು ದೀಪ

ಗಡಹಿಂಗ್ಲಜದ ಡಿಸ್ಕ್ ಸತ್ತಿದೆ ಎಂದು ಹೊಸ ವ್ಯವಸ್ಥೆಯ ಪರದೆ ಹೇಳಿತು. ಅಲ್ಲಿಯ ಕ್ಲಾರ್ಕಿಗೆ ಫೋನ್ ಮಾಡಿ, ಕೆಂಪು ದೀಪ ಹತ್ತಿದೆಯೇ ಎಂದು ಕೇಳಿದೆ. "ಇಲ್ರಿ ಬಾಯಾರ." ನಂಬಿಕೆ ಬರಲಿಲ್ಲ. ಎಂಜಿನಿಯರ್ ಜೊತೆ ನಾನೇ ಹೋದೆ. ದೀಪ ಮಿಣುಕುತ್ತಿತ್ತು.

"ಸುಳ್ಳ ಯಾಕ ಹೇಳಿದ್ರಿ?"

"ಸುಳ್ಳಲ್ರಿ. ಹತ್ತತಿತ್ತು, ಆರತಿತ್ತು. ನೀವು ಕೇಳಿದಾಗ ಆರಿತ್ತು."

೩. ಸೂಟಿ

ಆ ಡಿಸ್ಕ್ ಬದಲಿಸಲು ಗಡಹಿಂಗ್ಲಜದ ಸರ್ವರ್ ನಿಲ್ಲಿಸಿದೆವು. ಉಳಿದೆರಡು ಸಾಕಾಗಿದ್ದವು. ಮರುದಿನ ಬೆಳಿಗ್ಗೆ ಕೊಲ್ಹಾಪುರದಲ್ಲಿ ಸೊಂಟ ಮುರಿದುಕೊಂಡ ನೇಸರಿ ಊರಿನ ಅಜ್ಜಿ ಆಪರೇಷನ್ ಮೇಜಿನ ಮೇಲೆ ಮಲಗಿದ್ದಳು. ಸ್ಕ್ಯಾನ್ ಚಿತ್ರ ನೋಡದೆ ಸರ್ಜನ್ ಕತ್ತರಿ ಮುಟ್ಟುವವರಲ್ಲ. ಚಿತ್ರ ತೆರೆಯಲೇ ಇಲ್ಲ. ಗಡಹಿಂಗ್ಲಜದ್ದು ಇನ್ನೂ ಸಿದ್ಧವಿಲ್ಲ, ಇಚಲಕರಂಜಿಯ ಸರ್ವರೂ ಬಂದ್ ಆಗಿದೆ ಎಂದರು ಎಂಜಿನಿಯರ್. ಆ ಕೋಣೆಯ ಕೀಲಿ, ಹಿಂದೆ ಮಗ್ಗ ನಡೆಸುತ್ತಿದ್ದ ಅಲ್ಲಿಯ ಕಾವಲುಗಾರ ಮಾಮಾ ಒಬ್ಬರ ಬಳಿ ಮಾತ್ರ. ಆಪರೇಷನ್ ಕೋಣೆಯಿಂದಲೇ ಅವರಿಗೆ ಫೋನ್ ಮಾಡಿದೆ.

"ನಾನ ಬಂದ್ ಮಾಡೇನ್ರಿ ಬಾಯಾರ. ಇವತ್ತ ಖಂಡೇನವಮಿ, ಆಯುಧಾ ಪೂಜಿ. ಮಗ್ಗಕ್ಕ ಸೂಟಿ ಕೊಡ್ತೀವಿ, ಇದೇನ ಪಾಪ ಮಾಡೇತಿ? ಕುಂಕುಮಾ ಹಚ್ಚೇನಿ, ಹಾರಾ ಹಾಕೇನಿ."

"ಈಗಿಂದೀಗ ಚಾಲೂ ಮಾಡ್ರಿ."

"ಆರತಿ ಆಗದ ಹೆಂಗ್ರಿ?"

"ಹಂಗಾರ ಲಗೂನ ಹಾಡಿ ಮುಗಸ್ರಿ!"

"ನನ್ನ ಗಂಟಲಾ ಕಟ್ಟೇತ್ರಿ. ನೀವು ಕಲತಾವ್ರು. ಫೋನಿನ್ಯಾಗ ಹಾಡ್ರಿ, ನಾ ಬೆಳಗತೇನಿ."

ವಾದಕ್ಕೆ ಸಮಯವಿರಲಿಲ್ಲ. ಅಜ್ಜಿ ನನ್ನನ್ನೇ ನೋಡುತ್ತಿದ್ದಳು. ನಾನು ಕಾನ್ವೆಂಟಿನಲ್ಲಿ ಓದಿದವಳು. ಆರತಿ ಒಂದೂ ಬಾರದು. ನೆಟ್ಟಗೆ ನಿಂತು, ಶಾಲೆಯ ಬೆಳಗಿನ ಪ್ರಾರ್ಥನೆಯನ್ನು ಇಂಗ್ಲಿಷಿನಲ್ಲಿ, ಒಂದು ಚರಣವೂ ಬಿಡದೆ ಹಾಡಿದೆ. ಸರ್ಜನ್ ಗೋಡೆಯ ಕಡೆ ತಿರುಗಿಕೊಂಡರು. ಫೋನಿನ ಆಚೆ ಗಂಟೆ ಮೊಳಗಿತು, ಸ್ವಿಚ್ ಸದ್ದಾಯಿತು. ತುಸು ಹೊತ್ತಿಗೆ ಚಿತ್ರ ತೆರೆಯಿತು. ಅಜ್ಜಿಯ ಸೊಂಟ ಸರಿಹೋಯಿತು.

ಸಂಜೆ ಮಾಮಾರ ಫೋನ್ ಬಂತು.

"ಆರತಿ ಭಾಳ ಛಲೋ ಆತ್ರಿ ಬಾಯಾರ. ಬರೂ ವರ್ಷ ಹಾಡ ಸ್ವಲ್ಪ ಜೋರಲೆ ಓಡಸ್ರಿ. ಚಪ್ಪಾಳಿ ತಟ್ಟಾಕ ಇಲ್ಲಿ ಕೂಡಿದ್ದ ಮಂದಿಗೆ ತಾಳಾನ ಸಿಗಲಿಲ್ಲ."