ಹೃದಯದ ಚಿತ್ರ ಮತ್ತು ಕರೀಮಸಾಬರ ಡೀಸೆಲ್ ಪಂಪು

ಇಂದ,
ಫಕೀರೇಶ ಮೈಲಾರಲಿಂಗಪ್ಪ,
ಟ್ರ್ಯಾಕ್ಟರ್ ಮಿಸ್ತ್ರಿ, ಕರೀಮಸಾಬರ ಗ್ಯಾರೇಜು, ಶಿರಹಟ್ಟಿ.

ಗೆ,
ಸಾಹೇಬರು,
ಸರ್ವಸುಗಮ ಡಿಜಿಟಲ್ ಪಠ್ಯ ಕೋಶ, ಗದಗ-ಬೆಟಗೇರಿ.

ವಿಷಯ: ತಮ್ಮ ವಿಜ್ಞಾನ ಪುಸ್ತಕಕ್ಕೆ ಸೋಮವಾರದೊಳಗೆ ಬಾಯಿ ಬರಿಸುವ ಬಗ್ಗೆ.

ಉಲ್ಲೇಖ: ೧) ಅರ್ಜಿದಾರನ ತಂಗಿಯ ದೂರು. ೨) ಅದಕ್ಕೆ ತಮ್ಮ ಉತ್ತರ. ಆಕೆಯ ಫೋನು ಅದನ್ನು "ಚಿತ್ರ" ಎಂದು ಓದಿತು. ಮುಂದೆ ಏನೂ ಓದಲಿಲ್ಲ.

ಮಾನ್ಯರೇ,

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ, ಸದರಿ ಅರ್ಜಿದಾರನು ಎಂಟನೇ ಇಯತ್ತೆಗೆ ಶಾಲೆ ಬಿಟ್ಟವನಿದ್ದು, ಅವನಿಗೆ ಅರ್ಜಿ ಬರೆಯುವ ರೂಢಿ ಇರುವುದಿಲ್ಲ. ಬೈಯುವ ರೂಢಿ ಇದೆ. ಅದನ್ನು ಈ ಕಾಗದದ ಮಟ್ಟಿಗೆ ತಡೆಹಿಡಿಯಲಾಗಿದೆ.

೧. ಅರ್ಜಿದಾರನ ತಂಗಿ ಶಿವಲಕ್ಷ್ಮಿಗೆ ಹುಟ್ಟಿನಿಂದ ಕಣ್ಣು ಕಾಣಿಸುವುದಿಲ್ಲ. ಬೆಳ್ಳಟ್ಟಿಯಲ್ಲಿ ಹತ್ತನೇ ಇಯತ್ತೆ ಓದುತ್ತಾಳೆ. ಅಕ್ಷರ ಓದಿ ಹೇಳುವ ಫೋನು ಆಕೆಯ ಬಳಿ ಇದೆ. ಕಾರಣ, ತಾವು ಜಾಲತಾಣಕ್ಕೆ ವಿಜ್ಞಾನ ಪುಸ್ತಕ ಏರಿಸಿದಿರೆಂದು ತಿಳಿದ ದಿನ ಮನೆಯಲ್ಲಿ ಹೋಳಿಗೆ ಮಾಡಲಾಗಿತ್ತು. ಆದರೆ ತಾವು ಏರಿಸಿದ್ದು ಪುಟಗಳ ಫೋಟೊ. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಫೋನು "ಚಿತ್ರ, ಚಿತ್ರ" ಎಂದಿತು. ಹೋಳಿಗೆ ಆರಿತು.

೨. ಕಣ್ಣು ಕಾಣದವರು ಹಸಿರು ಗುಂಡಿ ಒತ್ತಬೇಕೆಂದು ಜಾಲತಾಣದ ಕೆಳಗೆ ಸೂಚಿಸಿದ್ದೀರಿ. ಹಸಿರು. ಈ ಬಗ್ಗೆ ಹೆಚ್ಚಿಗೆ ಬರೆದರೆ ಮೇಲೆ ಹೇಳಿದ ತಡೆ ಹರಿಯುವ ಸಂಭವವಿರುತ್ತದೆ.

೩. ಆದ್ದರಿಂದ ಅರ್ಜಿದಾರನು ಗ್ಯಾರೇಜಿನಲ್ಲಿ ಊಟದ ಹೊತ್ತಿಗೆ ಪುಸ್ತಕವನ್ನು ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡಿ ಕೊಡತೊಡಗಿದನು. ನಡುವೆ ಕರೀಮಸಾಬರು ನಟ್ಟು ಬಿಚ್ಚುವ ಪಾನಾ ಕೇಳಿದ್ದೂ ಪಾಠದಲ್ಲಿ ಸೇರಿತು. ತಂಗಿ ಅದನ್ನು ಬಾಯಿಪಾಠ ಮಾಡದೆ ಬಿಟ್ಟದ್ದು ಆಕೆಯ ಜಾಣತನ. ತೊಡಕಾದದ್ದು ಹೃದಯದ ಪಾಠದಲ್ಲಿ. ಪುಸ್ತಕ "ಚಿತ್ರ ನೋಡಿರಿ" ಎಂದು ಕೈತೊಳೆದುಕೊಂಡಿತ್ತು. ಅರ್ಜಿದಾರನು ನೋಡಿದನು. ನಾಲ್ಕು ಕೋಣೆ, ನಡುವೆ ವಾಲ್ವು. ಸಂಜೆ ಹಳೆಯ ಡೀಸೆಲ್ ಪಂಪೊಂದನ್ನು ಮನೆಗೆ ಒಯ್ದು, ತಂಗಿಯ ಬೆರಳು ಹಿಡಿದು ವಾಲ್ವು ಮುಟ್ಟಿಸಿದನು. ಈಚೆಯಿಂದ ಊದಿಸಿದನು, ಗಾಳಿ ಹೋಯಿತು. ಆಚೆಯಿಂದ ಊದಿಸಿದನು, ಹೋಗಲಿಲ್ಲ. ಆಕೆ ತುಟಿಗೆ ಹತ್ತಿದ ಎಣ್ಣೆ ಒರೆಸಿಕೊಂಡು, ಎದೆಯ ಮೇಲೆ ಕೈಯಿಟ್ಟುಕೊಂಡಳು.

೪. ಅರ್ಧವಾರ್ಷಿಕ ಪರೀಕ್ಷೆಗೆ ಹೃದಯದ ವಾಲ್ವಿನದೇ ಪ್ರಶ್ನೆ ಬಂತು. ಆಕೆ ಹೇಳಿದ್ದನ್ನು ಬರೆಯಲು ಕೂತಿದ್ದ ಒಂಬತ್ತನೇ ಇಯತ್ತೆಯ ಹುಡುಗಿ ಒಂದಕ್ಷರ ಬಿಡದೆ ಬರೆದಳು: "ಹೃದಯವೆಂದರೆ ಪಂಪು, ವಾಲ್ವು ಕೆಟ್ಟರೆ ರಕ್ತ ಹಿಂದಕ್ಕೆ ಬರುತ್ತದೆ, ಟ್ರ್ಯಾಕ್ಟರು ನಿಂತಲ್ಲೇ ನಿಲ್ಲುತ್ತದೆ."

ಸೊನ್ನೆ.

೫. ವಿಜ್ಞಾನದ ಸುಭಾಸ ಸರ್ ಅರ್ಜಿದಾರನನ್ನು ಕರೆಸಿದರು. "ಇದು ಶಾಲಿ ಐತೋ ಗ್ಯಾರೇಜೋ? ಕಣ್ಣಿಲ್ಲದವರಿಗೆ ವಿಜ್ಞಾನದ ಬದಲಿ ಸಮಾಜಶಾಸ್ತ್ರ ತಗೊಳ್ಳಾಕ ಬರತೈತಿ. ಸೋಮವಾರ ತಂಗಿ ಸಹಿ ಹಾಕಿಸಿ ಬರದು ಕೊಟ್ಟಬಿಡು."

"ತಪ್ಪು ಎಲ್ಲೈತಿ ಹೇಳ್ರಿ ಸರ," ಎಂದಳು ಶಿವಲಕ್ಷ್ಮಿ. "ಟ್ರ್ಯಾಕ್ಟರ್ ತಗದಹಾಕ್ರಿ, ಉಳದದ್ದು ಖರೇನ ಐತಿ."

ಸರ್ ಇನ್ನೊಮ್ಮೆ ಓದಿದರು. ಕೆಮ್ಮಿದರು. ತಮ್ಮ ಕೋಶ ಕಳಿಸಿದ ಮಾದರಿ ಉತ್ತರದಲ್ಲಿ ಪಂಪು ಇಲ್ಲ ಎಂದರು.

೬. ತಿರುಗಿ ಬರುವಾಗ ಗಾಡಿಯ ಹಿಂದೆ ಕೂತು ಆಕೆ ಹೇಳಿದ್ದನ್ನು ಕಾಗದಕ್ಕೆ ಹಚ್ಚುವುದು ಅರ್ಜಿದಾರನಿಗೆ ಇಷ್ಟವಿಲ್ಲ. ಆದರೂ ದಾಖಲೆಗಾಗಿ: "ಯಣ್ಣಾ, ನಾ ಸಹಿ ಮಾಡಂಗಿಲ್ಲ. ನಿನ್ನಂಗ ಶಾಲಿ ನಡುವ ಬಿಡಾಕ ನಾ ಒಲ್ಲೆ."

ಆದಕಾರಣ ಈ ಅರ್ಜಿ.

ಆದ್ದರಿಂದ ತಾವು ಪುಸ್ತಕವನ್ನು ಅಕ್ಷರದಲ್ಲಿ ಏರಿಸಿ, ಚಿತ್ರದಲ್ಲಿ ಏನಿದೆಯೆಂದು ಬಾಯಿಬಿಟ್ಟು ಬರೆಸಬೇಕು. ಮಾದರಿ ಉತ್ತರದಲ್ಲಿ ಪಂಪಿಗೂ ಜಾಗ ಕೊಡಬೇಕು. ಆಗದಿದ್ದಲ್ಲಿ, ಲಗತ್ತಿಸಿದ ಅರಿವೆಯನ್ನು ಕಣ್ಣಿಗೆ ಕಟ್ಟಿಕೊಂಡು ತಮ್ಮದೇ ಹಸಿರು ಗುಂಡಿಯನ್ನು ಒತ್ತಿ ತೋರಿಸಬೇಕು. ತೋರಿಸಿದರೆ ಅರ್ಜಿದಾರನು ಮತ್ತೆ ಎಂಟನೇ ಇಯತ್ತೆಗೆ ಬಂದು ಕೂಡ್ರಲು ತಯಾರಿರುತ್ತಾನೆ.

ತಮ್ಮಲ್ಲಿ ಸೋಮವಾರದವರೆಗೆ ಮಾತ್ರ ವಿಶ್ವಾಸವುಳ್ಳ,
ಫಕೀರೇಶ

ಲಗತ್ತುಗಳು:
೧) ಸೊನ್ನೆ ಬಿದ್ದ ಉತ್ತರಪತ್ರಿಕೆಯ ನಕಲು.
೨) ಅರಿವೆ, ಒಂದು. ಗ್ಯಾರೇಜಿನದು, ಒಗೆದಿದೆ.
೩) ಡೀಸೆಲ್ ಪಂಪು, ಒಂದು. ಊದಿ ನೋಡಬಹುದು. ಕರೀಮಸಾಬರಿಗೆ ತಿರುಗಿ ಕೊಡಬೇಕು.

ವಿ.ಸೂ.: ಈ ಅರ್ಜಿಗೆ ಉತ್ತರವನ್ನು ಫೋಟೊ ಹೊಡೆದು ಕಳಿಸಬಾರದಾಗಿ ವಿನಂತಿ. ಅದನ್ನು ಓದುವವಳು ಶಿವಲಕ್ಷ್ಮಿ.