ಅಳಿಯಂದಿರ ಎದುರು ಬೆಳಗಿದ ಮಾನಿಟರ್

ಕೆಟ್ಟುಹೋದ ಯಂತ್ರ ಕಂಡರೆ ಕೈಕಟ್ಟಿ ಕೂರುವುದು ನನ್ನಿಂದಾಗದು. ಮನೆಯ ಮಿಕ್ಸರ್ ಒಮ್ಮೆ ಗೊರಗೊರ ಎಂದಿದ್ದಕ್ಕೆ ಬಿಚ್ಚಿ ರಿಪೇರಿ ಮಾಡಿದೆ. ಅಂದಿನಿಂದ ಅದು ಸದ್ದೇ ಮಾಡಿಲ್ಲ. ಹೆಂಡತಿ ಚಟ್ನಿಯನ್ನು ಪಕ್ಕದ ಮನೆಯಲ್ಲಿ ರುಬ್ಬಿಸಿಕೊಂಡು ಬರುತ್ತಾಳೆ. ಇಷ್ಟಾದರೂ ನನಗೆ ಬುದ್ಧಿ ಬಂದಿಲ್ಲ.

ಬೀದರಿನ ಚಿದ್ರಿಯಲ್ಲಿ ನನ್ನದೊಂದು ಲಗ್ನಪತ್ರಿಕೆ ಅಚ್ಚು ಹಾಕುವ ಅಂಗಡಿ. ಕೆಲಸ ಲ್ಯಾಪ್‌ಟಾಪಿನಲ್ಲಿ, ಗಿರಾಕಿಗಳಿಗೆ ತೋರಿಸಲು ಒಂದು ದೊಡ್ಡ ಮಾನಿಟರ್. ಮೊನ್ನೆ ಬಗದಲ್‌ನ ಮಲ್ಲಪ್ಪ ಕಾಕಾ ಮೂರನೇ ಮಗಳ ಪತ್ರಿಕೆ ನೋಡಲು ಇಬ್ಬರು ಅಳಿಯಂದಿರನ್ನೂ ಕಟ್ಟಿಕೊಂಡು ಬಂದರು. ಹಿರಿಯರು ಔರಾದ್ ಕಡೆಯ ಎಕಂಬಾದವರು, ಕಿರಿಯರು ಭಾಲ್ಕಿಯವರು. ಮರುದಿನವೇ ಪತ್ರಿಕೆ ಹಂಚಬೇಕು. ಸಂಜೆಯೊಳಗೆ ಅಚ್ಚಾಗದಿದ್ದರೆ ಕೆಲಸ ಬೇರೆ ಅಂಗಡಿಯ ಪಾಲು. ಸರಿಯಾಗಿ ಆಗಲೇ ಮಾನಿಟರ್ ಕಪ್ಪಾಯಿತು. ಸಿಗ್ನಲ್ ಇಲ್ಲವಂತೆ! ಮಾರುದ್ದ ಕೇಬಲ್ಲಿನ ಆಚೆ ಲ್ಯಾಪ್‌ಟಾಪ್ ಕೂತಿದೆ, ಅದರ ಸುದ್ದಿ ಇದಕ್ಕೆ ಮುಟ್ಟುತ್ತಿಲ್ಲವಂತೆ.

ಕಾಕಾ ಲ್ಯಾಪ್‌ಟಾಪಿನ ಮೇಲೆ ಬಗ್ಗಿ ನೋಡಿ, "ಇದ್ರಾಗೇ ಕಾಣ್ತದಲ್ರಿ ಸಾಹೇಬ್ರ. ಎಲ್ಲಾ ಬರೋಬರ್ ಅದ. ಛಾಪಿಸಿ ಬಿಡ್ರಿ," ಎಂದರು. ದನಿಯಲ್ಲಿ ಅವಸರವಿತ್ತು.

"ಎರಡೇ ಮಿನಿಟ್ ಕಾಕಾ," ಎಂದೆ. ಕೇಬಲ್ ಕಿತ್ತು ಹಾಕಿದೆ, ಊದಿ ಹಾಕಿದೆ. ಲ್ಯಾಪ್‌ಟಾಪ್ ಆರಿಸಿ ಮತ್ತೆ ಹಚ್ಚಿ ಪತ್ರಿಕೆ ತೆರೆದೆ. ಎರಡನೇ ಪರದೆ ಹುಡುಕು ಎಂದರೆ ಅದು ಹುಡುಕಿ ಹುಡುಕಿ ಸಿಗಲಿಲ್ಲ ಎಂದಿತು. ಎದುರಿಗೇ ಇದೆಯಲ್ಲ ಎಂದು ಬೆರಳು ಮಾಡಿ ತೋರಿಸಿದೆ ಕೂಡ. ಸಿಟ್ಟು ನೆತ್ತಿಗೇರಿತು. ಅಳಿಯಂದಿರು ಚಹಾ ಕುಡಿಯುತ್ತಿದ್ದರು, ಕಾಕಾ "ಛಾಪಿಸ್ರಿ" ಎನ್ನುತ್ತಲೇ ಇದ್ದರು. ಕೊನೆಗೆ ಮೇಜಿನಡಿ ತೂರಿ, ಮಾನಿಟರಿನ ಪ್ಲಗ್ಗನ್ನೇ ಕಿತ್ತು, ಸ್ವಲ್ಪ ತಡೆದು ಸಿಕ್ಕಿಸಿದೆ. ಪರದೆ ಬೆಳಗಿ ಪತ್ರಿಕೆ ಮೂಡಿತು! ಗೆದ್ದ ಖುಷಿಯಲ್ಲಿ ಏಳಹೋಗಿ ತಲೆಯನ್ನು ಮೇಜಿಗೆ ಬಡಿದುಕೊಂಡೆ.

ಅಳಿಯಂದಿರು ಚಹಾ ಕೆಳಗಿಟ್ಟು ಓದತೊಡಗಿದರು.

"ಮಾವ, ನನ್ನ ಹೆಸ್ರು ಕೆಳಗ್ಯಾಕ ಬಂದದ್ರಿ?" ಎಂದರು ಎಕಂಬಾದವರು.

"ಮ್ಯಾಲಿದ್ರೇನು, ಕೆಳಗಿದ್ರೇನು, ಬಿಡ್ರಿ ಅಣ್ಣಾ," ಎಂದರು ಮೇಲಿದ್ದ ಭಾಲ್ಕಿಯವರು.

"ಹಂಗಾದ್ರ ನಿಂದೇ ಕೆಳಗ ಹಾಕಸು!"

ಹೆಸರು ಬರೆಸುವಾಗ ಕಾಕಾ ತಮ್ಮ ಮುದ್ದಿನ ಕಿರಿಯ ಅಳಿಯನನ್ನೇ ಮೊದಲು ಹೇಳಿದ್ದು ನನಗೆ ಆಗ ಹೊಳೆಯಿತು. "ಛಾಪಿಸ್ರಿ ಛಾಪಿಸ್ರಿ ಅಂತ ಎಷ್ಟ್ ಬಡ್ಕೊಂಡೇನ್ರಿ ನಾ," ಎಂದು ಅವರು ನನ್ನ ಕಿವಿಯಲ್ಲಿ ಹಲ್ಲು ಕಡಿದರು.

"ಬ್ಯಾರೆ ಅಂಗಡಿಗಿ ನಡೀರಿ ಮಾವ," ಎಂದು ಹಿರಿಯ ಅಳಿಯ ಎದ್ದೇಬಿಟ್ಟರು. ನಾನು ಗಾಬರಿಯಿಂದ ಮಾನಿಟರಿನ ಅಡಿಗೆ ಬೆರಳು ತೂರಿಸಿ, ಆರಿಸುವ ಗುಂಡಿ ಇದೇ ಇರಬೇಕೆಂದು ಒಂದನ್ನು ಒತ್ತಿದೆ. ಪರದೆ ಆರಲಿಲ್ಲ. ಬೆಳಕು ಇನ್ನಷ್ಟು ಏರಿ, ಭಾಲ್ಕಿಯವರ ಹೆಸರು ರಸ್ತೆಯಲ್ಲಿ ಹೋಗುವವರಿಗೂ ಕಾಣುವಂತೆ ಹೊಳೆಯತೊಡಗಿತು.