ಇಪ್ಪತ್ತು ಜನರ ಬಾಗಿಲು

ಸೇವೆ ಮಾಡುವವರ ಸಂಖ್ಯೆ ಸೇವೆ ಬೇಕಾದವರ ಸಂಖ್ಯೆಯನ್ನು ದಾಟಿದ ವರ್ಷ, ಸೇವಾ ಸಮನ್ವಯ ಮಂಡಳಿಯು ಹೆಣ್ಣುಮಕ್ಕಳ ಶಾಲೆಯ ನಾಲ್ಕನೇ ಕೋಣೆಯ ಗೋಡೆಯನ್ನು ‘ನಿರಂತರ ಅಗತ್ಯ’ ಎಂದು ಘೋಷಿಸಿತು. ಅಂದಿನಿಂದ ಪ್ರತಿ ಶನಿವಾರ ಯಾವುದಾದರೊಂದು ಕಚೇರಿಯ ಇಪ್ಪತ್ತು ಮಂದಿ ಒಂದೇ ಬಣ್ಣದ ಅಂಗಿ ತೊಟ್ಟು ಬಂದು ಆ ಗೋಡೆಗೆ ಬಣ್ಣ ಬಳಿಯುತ್ತಾರೆ. ಬಳಿದ ಗೋಡೆಗೆ ಮತ್ತೆ ಯಾಕೆ ಬಳಿಯಬೇಕು ಎಂಬ ಪ್ರಶ್ನೆ ಏಳದಂತೆ, ಶುಕ್ರವಾರದ ಕೊನೆಯ ಪೀರಿಯಡ್ಡಿನಲ್ಲಿ ಮಕ್ಕಳು ಅಂಗಳದ ಕೆಸರನ್ನು ಅಂಗೈಗೆ ಮೆತ್ತಿಕೊಂಡು ಗೋಡೆಗೆ ಒರೆಸುತ್ತಾರೆ. ಇದಕ್ಕೆ ಕರಕುಶಲ ವಿಷಯದಲ್ಲಿ ಅಂಕಗಳುಂಟು. ಬಣ್ಣದ ಮೇಲೆ ಬಣ್ಣ ಕೂತು ಗೋಡೆ ದಪ್ಪವಾಗಿ, ಹಿಂದಿನ ಬೆಂಚು ಕೋಣೆಯಿಂದ ಹೊರಬಿದ್ದಿದೆ. ಆ ಬೆಂಚಿನ ಮಕ್ಕಳು ಈಗ ಜಗಲಿಯಲ್ಲಿ ಕೂತು ಓದುತ್ತಾರೆ. ಅಲ್ಲಿ ಗಾಳಿ ಚೆನ್ನಾಗಿದೆ.

ಮುಖ್ಯೋಪಾಧ್ಯಾಯಿನಿಗೆ, ಅಂದರೆ ಎಲ್ಲರ ಬಾಯಲ್ಲಿ ದೊಡ್ಡ ಟೀಚರ್‌ಗೆ, ಆ ಗೋಡೆಯ ಮೇಲೇನೂ ದ್ವೇಷವಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಒಂದು ಚಿಲಕ. ಶಾಲೆಯ ಶೌಚಾಲಯದ ಬಾಗಿಲಿಗೆ ಚಿಲಕವಿರಲಿಲ್ಲ. ಒಳಗೆ ಹೋದವಳು ಒಂದು ಕಾಲಿನಿಂದ ಬಾಗಿಲನ್ನು ಒತ್ತಿ ಹಿಡಿದು, ಒಳಗಿದ್ದೇನೆಂದು ತಿಳಿಯಲು ಜೋರಾಗಿ ಮಗ್ಗಿ ಹೇಳುತ್ತಿರಬೇಕು. ಈ ಫಜೀತಿಯೇ ಬೇಡವೆಂದು ಹುಡುಗಿಯರು ಬೆಳಿಗ್ಗೆಯಿಂದ ನೀರೇ ಮುಟ್ಟುತ್ತಿರಲಿಲ್ಲ. ಮಧ್ಯಾಹ್ನ ಅವರ ಒಣಗಿದ ತುಟಿಗಳನ್ನು ದೊಡ್ಡ ಟೀಚರ್ ದಿನವೂ ನೋಡುತ್ತಿದ್ದರು. ತಾವೇ ಒಂದು ಚಿಲಕ ತಂದು ಹಾಕಿಸೋಣವೆಂದರೆ, ಅಗತ್ಯವನ್ನು ಸ್ವಂತವಾಗಿ ಪೂರೈಸಿಕೊಳ್ಳುವ ಶಾಲೆಯನ್ನು ಮಂಡಳಿ ‘ಅಹಂಕಾರಿ ಸಂಸ್ಥೆ’ಯೆಂದು ಪರಿಗಣಿಸಿ ಸೀಮೆಸುಣ್ಣ ನಿಲ್ಲಿಸುತ್ತದೆ.

ಒಂದು ಶನಿವಾರ ಅವರು ಧೈರ್ಯ ಮಾಡಿ ಅಂದು ಬಂದ ತಂಡದ ನಾಯಕನನ್ನು ಕೇಳಿದರು. “ಸಾರ್, ಇವತ್ತು ಗೋಡೆ ಬಿಟ್ಟು ಒಂದು ಚಿಲಕ ಹಾಕ್ಕೊಡ್ತೀರಾ?”

“ಚಿಲಕ ಒಬ್ಬ ಹಾಕ್ತಾನೆ ಮೇಡಂ. ಮಿಕ್ಕ ಹತ್ತೊಂಬತ್ತು ಜನ ಮನೆಗೆ ಹೋಗಿ ಏನಂತ ಹೇಳ್ಬೇಕು?”

“ಹುಡುಗೀರು ನೀರು ಕುಡೀತಾರೆ ಸಾರ್.”

“ಅದು ಫೋಟೋದಲ್ಲಿ ಕಾಣಲ್ವಲ್ಲ. ಬಣ್ಣ ಆದ್ರೆ ಕೆನ್ನೆಗೂ ಸ್ವಲ್ಪ ಹತ್ತುತ್ತೆ. ಸಂಜೆ ತೊಳ್ಕೊಳ್ಳೋವಾಗ ಒಂಥರಾ ತೃಪ್ತಿ ಇರುತ್ತೆ.”

ನಾಯಕ ಕೆಟ್ಟವನಲ್ಲ. ವಾರವಿಡೀ ಕಚೇರಿಯಲ್ಲಿ ಅವನು ಮಾಡಿದ ಕೆಲಸ ಯಾರ ಕಣ್ಣಿಗೂ ಬಿದ್ದದ್ದಿಲ್ಲ, ಅವನ ಕಣ್ಣಿಗೂ ಬಿದ್ದಿಲ್ಲ.

ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎನ್ನುತ್ತಾರೆ. ಇಲ್ಲಿ ಒಂದೇ ಹುಲ್ಲುಕಡ್ಡಿಯನ್ನು ಇಪ್ಪತ್ತು ತಲೆಗಳ ಮೇಲೆ ಹೊರಿಸಬೇಕಿತ್ತು. ದೊಡ್ಡ ಟೀಚರ್ ತಲೆ ಓಡಿಸಿ, ಮುಂದಿನ ಶನಿವಾರ ‘ಚಿಲಕಾರೋಹಣ’ ಎಂಬ ಕಾರ್ಯಕ್ರಮ ಇಟ್ಟುಕೊಂಡರು. ನಾಲ್ವರು ನಾಲ್ಕು ಸ್ಕ್ರೂ ಹಿಡಿದರು, ಒಬ್ಬರು ಅಳತೆ ಕೂಗಿದರು, ಇಬ್ಬರು ಬಾಗಿಲಿಗೆ ಧೈರ್ಯ ಹೇಳಿದರು, ಉಳಿದವರು ಚಪ್ಪಾಳೆ ತಟ್ಟಿದರು. ಲೆಕ್ಕಪತ್ರ ವಿಭಾಗದ ಹೆಂಗಸೊಬ್ಬರು ಕಣ್ಣೊರೆಸಿಕೊಂಡರು. ಸೋಮವಾರ ಹುಡುಗಿಯರು ನೀರು ಕುಡಿದರು.

ಸುದ್ದಿ ಹಬ್ಬಲು ತಡವಾಗಲಿಲ್ಲ. ಆಮೇಲೆ ಬಂದ ತಂಡಗಳು ಗೋಡೆಯತ್ತ ತಿರುಗಿಯೂ ನೋಡದೆ ತಮಗೂ ಚಿಲಕವೇ ಬೇಕೆಂದು ಪಟ್ಟು ಹಿಡಿದವು. ಮಂಡಳಿ ಪ್ರಕಟಣೆ ಹೊರಡಿಸಿತು: “ಈಗಾಗಲೇ ಚಿಲಕವಿದೆ ಎಂಬ ಕಾರಣಕ್ಕೆ ಯಾವುದೇ ಸ್ವಯಂಸೇವಕರಿಗೆ ಚಿಲಕ ಹಾಕುವ ಆನಂದವನ್ನು ನಿರಾಕರಿಸತಕ್ಕದ್ದಲ್ಲ. ಒಮ್ಮೆ ಹಾಕಿದ ಚಿಲಕವನ್ನು ಕೀಳತಕ್ಕದ್ದಲ್ಲ. ದಾನಿಗಳ ಮನಸ್ಸು ನೋಯದಂತೆ ಎಲ್ಲ ಚಿಲಕಗಳನ್ನೂ ಪ್ರತಿ ಸಲ ಬಳಸತಕ್ಕದ್ದು.” ಒಳಗೆ ಹೋದ ಹುಡುಗಿ ಎಲ್ಲವನ್ನೂ ಹಾಕಿ, ಎಲ್ಲವನ್ನೂ ತೆಗೆದು ಬರುವಷ್ಟರಲ್ಲಿ ತರಗತಿಯಲ್ಲಿ ಒಂದು ಪಾಠ ಮುಗಿದಿರುತ್ತಿತ್ತು. ಕೊನೆಗೊಂದು ದಿನ ಕಬ್ಬಿಣದ ಭಾರ ತಾಳಲಾರದೆ ಬಾಗಿಲು ಬಿಜಾಗರಿ ಸಮೇತ ಕಿತ್ತು ಬಿತ್ತು. ಪುಣ್ಯಕ್ಕೆ ಒಳಗೆ ಯಾರೂ ಇರಲಿಲ್ಲ.

ಮಂಡಳಿಯ ಕಾರ್ಯದರ್ಶಿ ಬಂದು ಬಿದ್ದ ಬಾಗಿಲನ್ನು ನೋಡಿ ಬಹಳ ಸಂತೋಷಪಟ್ಟರು. “ಇದು ಅಗತ್ಯ ಅಂದ್ರೆ! ಇಷ್ಟು ದೊಡ್ಡ ಅಗತ್ಯಾನ ಬರೀ ಒಂದು ಬಾಗಿಲು ಹಾಕಿ ಹಾಳು ಮಾಡ್ಬಾರ್ದು,” ಎಂದರು.

ಹೀಗೆ ‘ಜೀವಂತ ಬಾಗಿಲು’ ಯೋಜನೆ ಜಾರಿಗೆ ಬಂತು. ದಿನಕ್ಕೆ ಇಪ್ಪತ್ತು ಸ್ವಯಂಸೇವಕರು ಎರಡು ಸಾಲಾಗಿ, ಭುಜಕ್ಕೆ ಭುಜ ಕೊಟ್ಟು ಶೌಚಾಲಯದ ಮುಂದೆ ನಿಲ್ಲುತ್ತಾರೆ. ಬೆನ್ನು ಶೌಚಾಲಯಕ್ಕೆ, ಮುಖ ಅಂಗಳಕ್ಕೆ. ಆದ್ದರಿಂದ ಫೋಟೋ ಚೆನ್ನಾಗಿ ಬರುತ್ತದೆ. ಹಿಂತಿರುಗಿ ನೋಡಿದವರ ಸೇವೆ ರದ್ದು. ಸರದಿಗೆ ಈಗ ಮೂರು ತಿಂಗಳು ಕಾಯಬೇಕು. ಅಂದು ಫೋಟೋದ ಮಾತಾಡಿದ್ದ ತಂಡದ ನಾಯಕನಂತೂ ಯಾರದಾದರೂ ಸರದಿ ತಪ್ಪಿದಾಗಲೆಲ್ಲ ರಜೆ ಹಾಕಿ ಬರತೊಡಗಿದ. “ನಾನು ಬರದಿದ್ರೆ ಅಲ್ಲಿ ಸಂದು ಬೀಳುತ್ತೆ ಮೇಡಂ. ಆಫೀಸಲ್ಲಿ ಹಾಗೇನೂ ಆಗಲ್ಲ,” ಎಂದ. ಹುಡುಗಿಯರು ಹೊಟ್ಟೆ ತುಂಬ ನೀರು ಕುಡಿಯುತ್ತಿದ್ದರು. ದೊಡ್ಡ ಟೀಚರ್‌ಗೆ ದೂರುವುದಕ್ಕೆ ಏನೂ ಉಳಿಯಲಿಲ್ಲ.

ಹೀಗಿರುವಾಗ ಒಬ್ಬ ಬಡಗಿ ಹೆಗಲ ಮೇಲೆ ಬಾಗಿಲು ಹೊತ್ತು ಬಂದ.

“ನನ್ನ ಮಗಳು ಇಲ್ಲೇ ಓದ್ತಾಳೆ ಟೀಚರ್. ಅರ್ಧ ಗಂಟೆ ಕೆಲಸ. ದುಡ್ಡುಗಿಡ್ಡು ಏನೂ ಬೇಡ.”

ಒಳ್ಳೆಯ ಮರ. ಒಂದೇ ಒಂದು ಚಿಲಕ. ದೊಡ್ಡ ಟೀಚರ್ ಅದನ್ನು ಒಮ್ಮೆ ಸರಿಸಿ ನೋಡಿದರು. ಎಷ್ಟೋ ದಿನ ಕನಸಿನಲ್ಲಿ ಕಂಡದ್ದು ಇದೇ. ಕಣ್ಣು ತುಂಬಿ ಬಂತು. ತಲೆಯೆತ್ತಿದರೆ, ಸಾಲಿನಲ್ಲಿ ನಿಂತ ಇಪ್ಪತ್ತು ಮಂದಿಯೂ ಆ ಬಾಗಿಲನ್ನೇ ನೋಡುತ್ತಿದ್ದರು, ಕೆಲಸ ಕಳೆದುಕೊಳ್ಳುವವರ ಹಾಗೆ. ನಾಯಕನ ಮುಖವನ್ನಂತೂ ನೋಡಲಾಗಲಿಲ್ಲ.

“ಬಾಗಿಲು ಆ ಕಡೆ ಒರಗಿಸಿಡಿ ಅಣ್ಣ,” ಎಂದರು ದೊಡ್ಡ ಟೀಚರ್ ಮೆಲ್ಲಗೆ. “ಮಂಗಳವಾರ ಒಬ್ರು ಬರ್ತಿಲ್ಲ, ಎಡಗಡೆಯಿಂದ ಮೂರನೇ ಜಾಗ ಖಾಲಿ ಇದೆ. ಬರ್ತೀರಾ?”

ಬಡಗಿ ಬಾಗಿಲನ್ನು ಗೋಡೆಗೆ ಒರಗಿಸಿದ. “ಉಳಿ, ಸುತ್ತಿಗೆ ತರ್ಬೇಕಾ?”

“ಏನೂ ಬೇಡ. ಬಂದು ನಿಂತ್ಕೊಂಡ್ರೆ ಸಾಕು.”

ಮಂಗಳವಾರ ಅವನು ಒಗೆದ ಅಂಗಿ ತೊಟ್ಟು ಬಂದು ನಿಂತ. ಎರಡನೇ ಪೀರಿಯಡ್ಡಿನಲ್ಲಿ ಅವನ ಮಗಳೇ ಬಂದಳು.

“ಅಪ್ಪಾ, ಸ್ವಲ್ಪ ಸರ್ಕೋ.”

ಅವನು ಸರಿದು ದಾರಿ ಬಿಟ್ಟ, ಅವಳು ಒಳಗೆ ಹೋದ ಮೇಲೆ ಮತ್ತೆ ಮುಚ್ಚಿಕೊಂಡ. ಇಷ್ಟು ಸದ್ದಿಲ್ಲದೆ ತೆರೆದು ಮುಚ್ಚುವ ಬಾಗಿಲನ್ನು ಈವರೆಗೆ ಕಂಡಿಲ್ಲವೆಂದು ಮಂಡಳಿ ಆ ಸಂಜೆಯೇ ಅವನಿಗೆ ಶಾಲು ಹೊದಿಸಿತು.